ಬೆಕ್ಕುಗಣ್ಣು

ಬೆಳಗಿನಿಂದ ಐದನೇ ಸಲ ಪ್ರಭಾಕರನ್ ಅದೇ ಮಣ್ಣುಬಣ್ಣದ ತುಂಡನ್ನು ಲೈಟ್ ಬಾಕ್ಸಿನೊಳಗಿಟ್ಟು, ಪಕ್ಕಕ್ಕೆ ಹೊರದೇಶದ ಪಾರ್ಟಿ ಕಳಿಸಿದ್ದ ಮೂಲ ತುಂಡನ್ನು ಜೋಡಿಸಿ, ಒಂದೊಂದೇ ದೀಪ ಬದಲಾಯಿಸಿ ನೋಡುತ್ತಿದ್ದ. ಹಗಲಿನ ದೀಪಕ್ಕೆ ಎರಡೂ ಒಂದೇ ಇದ್ದವು. ಅಂಗಡಿಯ ಟ್ಯೂಬ್‌ಲೈಟಿಗೆ ತಿರುಗಿಸಿದ ಕೂಡಲೇ ಅವನ ತುಂಡು ಒಂದೆಳೆ ಹಸಿರಿಗೆ ವಾಲಿ, ಗುರುತೇ ಇಲ್ಲದವರಂತೆ ಮುಖ ತಿರುಗಿಸುತ್ತಿತ್ತು. ಮಕ್ಕಳ ಟೀ ಶರ್ಟಿನ ಆರ್ಡರು. ನಾಳೆಯೊಳಗೆ ಶೇಡು ಒಪ್ಪಿಗೆಯಾಗದಿದ್ದರೆ ಮ್ಯಾನೇಜರು ಮೈಮೇಲೆ ಬರುತ್ತಾನೆ. ತಿರುಪ್ಪೂರಿನ ಸಾಯಪಟ್ಟರೆಗಳಲ್ಲಿ, ಬನಿಯನ್ ಬಟ್ಟೆಗೆ ಬಣ್ಣ ಕುದಿಸುವ ಈ ಆವಿ ತುಂಬಿದ ಶೆಡ್ಡುಗಳಲ್ಲಿ, ಇಪ್ಪತ್ತೆರಡು ವರ್ಷ ಕಣ್ಣು ಸವೆಸಿದವನು ಅವನು. ಲ್ಯಾಬಿಗೆ ಹೊಸದಾಗಿ ಸೇರಿದವರಿಗೆಲ್ಲ ಒಂದು ಪಾಠ ಹೇಳುತ್ತಿದ್ದ. ನವಿಲುನೀಲಿ ಮನೆಬಿಟ್ಟು ಓಡುವಂಥದ್ದು, ಎಷ್ಟು ಕಟ್ಟಿಹಾಕಿದರೂ ತೊಳೆದಾಗ ನೀರಿಗಿಳಿಯುತ್ತದೆ. ಕಪ್ಪಿಗೆ ಹೊಟ್ಟೆಬಾಕತನ, ಎಷ್ಟು ತಿನ್ನಿಸಿದರೂ ಇನ್ನೂ ಬೇಕು. ಈ ತಿಳಿ ಮಣ್ಣುಬಣ್ಣಗಳನ್ನಂತೂ ನಂಬಲೇಬೇಡಿ, ಒಂದೊಂದು ಬೆಳಕಿಗೆ ಒಂದೊಂದು ಮುಖ. ಹುಡುಗರು ನಗುತ್ತಿದ್ದರು, ಅವನೂ ನಗುತ್ತಿದ್ದ. ಇವತ್ತು ಹೇಳುವ ಉಮೇದು ಇರಲಿಲ್ಲ. ಕಣ್ಣಿನ ಹಿಂದೆ ಸಣ್ಣಗೆ ನೋವಿತ್ತು. ಜೇಬಿನಲ್ಲಿ ಫೋನು ನಡುಗಿತು. ಪಲ್ಲಡಂನ ಶಾಲೆಯ ನಂಬರು. ಆ ಶಾಲೆಯಲ್ಲಿ ಅವನ ಮನೆಯ ಇಬ್ಬರು ಮಕ್ಕಳಿದ್ದಾರೆ, ಅವನ ಮಗಳು ಇಲಕ್ಕಿಯಾ, ಅಣ್ಣ ರಾಜೇಂದ್ರನ್‌ನ ಮಗಳು ಇಂದುಜಾ. ಇಂದುಜಾಳ ಹೆಸರು ಅವನ ತಲೆಗೆ ಬರಲೇ ಇಲ್ಲ.

ಆಫೀಸಿನ ಹೆಂಗಸು ಉಸಿರು ಬಿಡದೆ ಹೇಳಿದಳು. ಎಂಟನೇ ಕ್ಲಾಸಿನ ಇಲಕ್ಕಿಯಾಳ ಅಪ್ಪ ತಾನೇ? ಕೂಡಲೇ ಬರಬೇಕಂತೆ. ಕುಡಿಯುವ ನೀರಿನ ಟ್ಯಾಂಕಿಗೆ ನಿಮ್ಮ ಹುಡುಗಿ ಸಾಯದ ಪುಡಿ, ಬಟ್ಟೆಗೆ ಹಾಕುವ ಬಣ್ಣದ ಪುಡಿ, ಹಾಕಿದ್ದಾಳೆ. ಒಂದನೇ ಕ್ಲಾಸಿನ ಎರಡು ಮಕ್ಕಳು ಬಾಯಿಗೆ ಬಿಟ್ಟುಕೊಂಡು ಉಗುಳಿ ಅತ್ತಿವೆ. ಹೆಡ್ ಮಿಸ್ ತುಂಬಾ ಕೋಪದಲ್ಲಿದ್ದಾರೆ, ಟಿ.ಸಿ. ಬರೆಯುತ್ತಿದ್ದಾರೆ. ಹುಡುಗಿ ಒಪ್ಪಿಕೊಂಡಿದ್ದಾಳೆ. ಕೊನೆಯ ಮಾತನ್ನು ಅವಳು ಎರಡು ಸಲ ಹೇಳಿದಳು. ಪಕ್ಕದ ಮೇಜಿನಲ್ಲಿ ತಕ್ಕಡಿಗೆ ಪುಡಿ ಸುರಿಯುತ್ತಿದ್ದ ಶಣ್ಮುಗಂ ತಲೆಯೆತ್ತಿ ನೋಡಿದಾಗ, ಮಗಳಿಗೆ ಜ್ವರವಂತೆ ಎಂದು ಪ್ರಭಾಕರನ್ ಸುಳ್ಳು ಹೇಳಿದ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು ಎಂದು ಅವನಿಗೇ ಆಶ್ಚರ್ಯವಾಯಿತು. ಅವನ ಕಣ್ಣು ಕಪ್ಪು, ಅಪ್ಪಟ ಕಪ್ಪು, ಅಪ್ಪನಿಗಿದ್ದಂಥದ್ದೇ. ಅವನ ಮಾತು ನಿಜವೇ ಎಂದು ಯಾರೂ ಎರಡನೇ ಸಲ ಕೇಳಿದ್ದಿಲ್ಲ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತ. ಮುಂದೆ ಹೋಗುತ್ತಿದ್ದ ಕೋಳಿ ಲಾರಿಯಿಂದ ಬಿಳಿ ಪುಕ್ಕಗಳು ಹಾರಿ ಬಂದು ಗಾಜಿಗೆ ಅಂಟುತ್ತಿದ್ದವು. ಹೆಂಡತಿ ಸಾಂತಿಗೆ ಫೋನು ಮಾಡಲೇ ಎಂದುಕೊಂಡ, ಮಾಡಲಿಲ್ಲ. ಅವಳು ಕೆಲಸ ಮಾಡುವ ಗಾರ್ಮೆಂಟಿನಲ್ಲಿ ಬಾಗಿಲಲ್ಲೇ ಫೋನು ಇಸಿದುಕೊಳ್ಳುತ್ತಾರೆ. ಹಾಗೆ ನೆಪ ಸಿಕ್ಕಿದ್ದು ಒಳ್ಳೆಯದೇ ಆಯಿತು. ಅವಳು ಕೇಳುವುದು ಒಂದೇ ಮಾತು, ಎರಡು ವರ್ಷದಿಂದ ಅದನ್ನೇ ಕೇಳುತ್ತಿದ್ದಾಳೆ. ‘ಒಂದ್ಸಲನಾದ್ರೂ ಇಲ್ಲಾಂತ ಹೇಳಕ್ಕೆ ಕಲ್ಸೀಂಗ ಮಗೂಗೆ.’ ಅದನ್ನು ಕಲಿಸುವುದು ಹೇಗೆ? ಮೊದಲು ತಾನು ಕಲಿತಿರಬೇಕಲ್ಲ. ಇಲಕ್ಕಿಯಾಗೆ ಮೂರು ತಿಂಗಳಾಗಿದ್ದಾಗ ಒಂದು ಭಾನುವಾರ ಜಗುಲಿಯ ಬಿಸಿಲಿನಲ್ಲಿ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಮಗು ಅವನನ್ನು ನೆಟ್ಟಗೆ ನೋಡಿತು. ಕಣ್ಣು ಕಪ್ಪಾಗಿರಲಿಲ್ಲ. ಹೊಸದಾಗಿ ಶೇಡ್ ಕೆಲಸಕ್ಕೆ ಬಡ್ತಿಯಾಗಿದ್ದ ಕಾಲ. ಜಂಬ ಮೈಯೆಲ್ಲ ತುಂಬಿತ್ತು. ಎದ್ದು ಹೋಗಿ ಲ್ಯಾಬಿನಿಂದ ಮನೆಗೆ ತಂದಿದ್ದ ಬಣ್ಣದ ಪುಸ್ತಕ ಬಿಚ್ಚಿ, ಮಗುವಿನ ಕೆನ್ನೆಯ ಹತ್ತಿರ ಹಿಡಿದು, ಹಾಳೆ ಮಗುಚುತ್ತಾ ಹೋಗಿ, ಸಿಕ್ಕಿತು ಎಂದು ಕೂಗಿದ. ಜೇನಿನ ಬಣ್ಣ, ಒಳಗೆ ಒಂದೆಳೆ ಹಸಿರು. ಅಣ್ಣನನ್ನು ಕರೆದು ತೋರಿಸಿದ, ಅತ್ತಿಗೆಯನ್ನು ಕರೆದು ತೋರಿಸಿದ. ಅಮ್ಮ ಪೆರಿಯನಾಯಕಿ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ಪುಸ್ತಕ ನೋಡದೆ ಮಗುವನ್ನಷ್ಟೇ ನೋಡಿದಳು. ‘ಪೂನೆಕಣ್ಣಪ್ಪಾ ಇದು. ನಮ್ಮ ಮನೇಲಿ ಯಾರ್ಗೂ ಇಲ್ದ ಕಣ್ಣು. ಇಂತಾ ಕಣ್ಣೋರ ಬಾಯಿಂದ ನಿಜ ಬರ್ಸೋದು ಬಾಳಾ ಕಷ್ಟ, ನೋಡ್ಕೊ.’ ಅವನು ನಕ್ಕಿದ್ದ. ಬೆಕ್ಕಿನ ಕಣ್ಣಾದರೆ ಇಲಿ ಹಿಡಿಯಲಿ ಬಿಡಮ್ಮ ಎಂದಿದ್ದ. ಆ ಪುಸ್ತಕ ತಾನು ತೆಗೆಯದಿದ್ದರೆ ಅಮ್ಮನ ಸೋಡಾಬುಡ್ಡಿ ಕನ್ನಡಕಕ್ಕೆ ಆ ಹಸಿರು ಕಾಣುತ್ತಲೇ ಇರಲಿಲ್ಲ.

ಅಮ್ಮ ಕೆಟ್ಟವಳಲ್ಲ. ಬಣ್ಣ ನೋಡಿ ಗುಣ ಹೇಳುವುದು ಅವಳಿಗೆ ಅಕ್ಕಿ ನೋಡಿ ಅನ್ನ ಹೇಗಾದೀತು ಎಂದು ಹೇಳಿದಷ್ಟು ಸಹಜ. ಕೆಂಗೂದಲಿನ ಮಗುವಿಗೆ ಮೂಗಿನ ತುದಿಯಲ್ಲಿ ಕೋಪ, ಕಡುಕಪ್ಪು ಮಗು ಹಠಮಾರಿ ಆದರೆ ಕೆಲಸದಲ್ಲಿ ಗಟ್ಟಿ, ಬೆಳ್ಳಗಿದ್ದದ್ದು ಸಾಧು. ಬೀದಿಯ ಮಕ್ಕಳನ್ನೆಲ್ಲ ಹೀಗೆ ವಿಂಗಡಿಸಿ ಇಟ್ಟಿದ್ದಳು. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಒಬ್ಬ ಪೆರಿಯನಾಯಕಿ ಇದ್ದಳು; ಮನೆಯೊಳಗೆ ಕನ್ನಡವಾಡುವ ಮಗ್ಗದ ಜನ, ನೂಲಿನ ಬಣ್ಣ ನೋಡಿ ಅದು ತುಂಡಾಗುತ್ತದೋ ತಡೆಯುತ್ತದೋ ಹೇಳಿ ಹೇಳಿ ರೂಢಿಯಾದವರು, ಮಕ್ಕಳನ್ನು ಮಾತ್ರ ಯಾಕೆ ಬಿಟ್ಟಾರು? ಅಣ್ಣನ ಮಗಳು ಇಂದುಜಾ ಹಾಲಿನ ಕೆನೆಯಂತಿದ್ದಳು, ಆದ್ದರಿಂದ ಸಾಧು. ಆ ಬಣ್ಣ ಅವಳಿಗೂ ಒಂದು ಬಗೆಯ ಶಿಕ್ಷೆಯೇ ಆಗಿತ್ತೇನೋ. ಒಮ್ಮೆ ಅವಳು ತಟ್ಟೆ ಎಸೆದಾಗ ಯಾರೂ ಬೈಯಲಿಲ್ಲ, ಕೈಜಾರಿತು ಎಂದರು. ಅವಳು ಇನ್ನೊಂದು ತಟ್ಟೆ ಎಸೆದಳು. ಅದೂ ಕೈಜಾರಿತು. ಆಮೇಲೆ ಅವಳು ಸುಮ್ಮನಾದಳು, ಇವತ್ತಿಗೂ ಸುಮ್ಮನೆಯೇ ಇದ್ದಾಳೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಅಣ್ಣನ ಎರಡು ಪವರ್‌ಲೂಮು. ಮಗ್ಗಕ್ಕೆ ಹೊಸ ಹಾಸು, ಉದ್ದೆಳೆಯ ನೂಲು, ಏರಿಸಿದ ದಿನ ತೆಂಗಿನಕಾಯಿ ಒಡೆದು, ಚೌಡಮ್ಮನ ಪಟಕ್ಕೆ ಆರತಿಯೆತ್ತಿ, ಮೊದಲ ಸಲ ಸ್ವಿಚ್ಚು ಒತ್ತಿಸುವುದು ಮಗುವಿನ ಕೈಯಿಂದ. ಇಂದುಜಾಳ ಕೈಯಿಂದ. ಆ ಹೊತ್ತಿಗೆ ಸರಿಯಾಗಿ ಇಲಕ್ಕಿಯಾಳನ್ನು ಕರ್ಪೂರ ತರಲು ಅಂಗಡಿಗೆ ಕಳಿಸುತ್ತಿದ್ದರು. ಮನೆಯಲ್ಲಿ ಕರ್ಪೂರ ಇರುತ್ತಿತ್ತು. ಅವಳು ಓಡೋಡುತ್ತಾ ತಂದುಕೊಡುವ ಹೊತ್ತಿಗೆ ಮಗ್ಗ ಲಟಪಟ ಓಡುತ್ತಿರುತ್ತಿತ್ತು. ನಾಲ್ಕು ಸಲ ಹೋಗಿದ್ದಾಳೆ, ಐದನೇ ಸಲ ಅವಳೇ ಬಂದು ‘ಕರ್ಪೂರಕ್ಕೆ ಹೋಗ್ಲಾ ಅಜ್ಜಿ?’ ಎಂದು ಕೇಳಿದಳು. ಎಷ್ಟು ಸೂಕ್ಷ್ಮ ನೋಡು ಇದರ ಬುದ್ಧಿ ಎಂದು ಅಮ್ಮ ಹುಬ್ಬೇರಿಸಿದ್ದಳು.

ಯಾರೋ ಕಾಲು ತುಳಿದರು. ಪಲ್ಲಡಂ ಇನ್ನೂ ಎಷ್ಟು ದೂರ ಎಂದು ಬಗ್ಗಿ ನೋಡಿದ. ಎಲ್ಲ ಶುರುವಾದದ್ದು ಆ ಐದನೇ ಹಾಸಿನಿಂದ. ಏರಿಸಿದ ಮಾರನೆಯ ದಿನ ಬೆಳಗ್ಗೆ ನೋಡಿದರೆ ಅಂಚಿನ ಕಡೆ ನಲವತ್ತು ಎಳೆ ತುಂಡು. ಅಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಬ್ಲೇಡಿನಿಂದ ಕೊಯ್ದ ಹಾಗಿದೆ ಎಂದು ಯಾರೋ ಅಂದರು. ಯಾರಂದದ್ದು? ಕೆಲಸಕ್ಕೆ ಹೊರಡುವ ಮೊದಲು ತಾನೇ ಅಂದದ್ದು ಇರಬಹುದು. ಏಳು ವರ್ಷದ ಇಲಕ್ಕಿಯಾಳನ್ನು ಮಗ್ಗದ ಮುಂದೆ ಮಣೆ ಹಾಕಿ ಕೂರಿಸಿದರು. ಯಾರೂ ಹೊಡೆಯಲಿಲ್ಲ, ಅದನ್ನು ಅವನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ, ಒಂದು ಏಟು ಕೂಡ ಹಾಕಲಿಲ್ಲ. ಬರೀ ಕೇಳಿದರು. ಊಟದ ಹೊತ್ತಿನಿಂದ ದೀಪ ಹಚ್ಚುವ ಹೊತ್ತಿನವರೆಗೆ, ಒಬ್ಬರು ಎದ್ದು ಹೋದರೆ ಇನ್ನೊಬ್ಬರು ಬಂದು ಕೂತು ಕೇಳಿದರು. ‘ನಿಜ ಹೇಳ್ಬಿಡು ಕಣ್ಣು, ಹೇಳಿದ್ರೆ ಬಿಟ್ಬಿಡ್ತೀವಿ.’ ಕಣ್ಣು ಎಂದರೆ ಅವರ ಮನೆಯಲ್ಲಿ ಮಕ್ಕಳನ್ನು ಮುದ್ದಿಗೆ ಕರೆಯುವ ಮಾತು. ಸಂಜೆ ಕೆಲಸದಿಂದ ಬಂದವನು ತಾನೂ ಅದೇ ಮಾತು ಹೇಳಿದ. ಅವಳು ಅವನ ಮುಖ ನೋಡಿ, ‘ಆಮಾಪ್ಪಾ, ನಾನೇ’ ಅಂದಳು. ಮನೆಯಲ್ಲಿ ಎಲ್ಲರಿಗೂ ಒಮ್ಮೆಗೇ ಉಸಿರು ಬಂತು. ಅಮ್ಮ ಅವಳ ನೆತ್ತಿ ಸವರಿ ಕಡಲೆಮಿಠಾಯಿ ಕೊಟ್ಟಳು, ನಿಜ ಹೇಳಿದ್ದಕ್ಕೆ. ಮಗು ಅದನ್ನು ಕಚಕಚ ಕಡಿದು ತಿಂದಿತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಶೆಡ್ಡಿಗೆ ಹೋದ ಪ್ರಭಾಕರನ್‌ಗೆ ಮಗ್ಗದ ಅಡಿಯಲ್ಲಿ, ಹಾಸಿನ ಉರುಳೆಯ ಕೆಳಗೆ, ಇಲಿಯ ಹಿಕ್ಕೆ ಕಂಡಿತು, ಪಕ್ಕದಲ್ಲಿ ಕಡಿದು ಉಂಡೆ ಮಾಡಿದ ನೂಲಿನ ಗೂಡು. ಸ್ವಲ್ಪ ಹೊತ್ತು ನಿಂತ. ಮುಗಿದುಹೋಗಿದೆಯಲ್ಲ ಎಂದುಕೊಂಡ. ಈಗ ಅಮ್ಮನನ್ನು ಎಬ್ಬಿಸಿ, ಅಣ್ಣನನ್ನು ಎಬ್ಬಿಸಿ, ಮತ್ತೆ ಅದೇ ಮಾತೆತ್ತಿ, ಅಮ್ಮ ಅಳುವುದು, ಅಣ್ಣ ಮುಖ ಗಂಟಿಕ್ಕುವುದು. ಅವನಿಗೆ ಸುಸ್ತಾಗಿತ್ತು. ಪೊರಕೆ ತೆಗೆದುಕೊಂಡು ಗುಡಿಸಿ ಮೊರಕ್ಕೆ ತುಂಬಿದ. ತಿರುಗಿದರೆ ಬಾಗಿಲಲ್ಲಿ ಇಲಕ್ಕಿಯಾ ಬ್ರಶ್ಶು ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ‘ಏನಪ್ಪಾ ಅದು?’ ಅಂದಳು. ‘ಕಸ’ ಅಂದ.

ಆಮೇಲೆ ಅವಳನ್ನು ಕೇಳಬೇಕಾಗಿಯೇ ಬರಲಿಲ್ಲ. ಲೋಟ ಒಡೆದರೆ ನಾನೇ, ಕತ್ತರಿ ಕಾಣದಿದ್ದರೆ ನಾನೇ, ಟಿ.ವಿ. ರಿಮೋಟು ಕೆಟ್ಟರೆ ನಾನೇ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟು, ಬೈಗುಳ ಕೇಳಿ, ಆಟಕ್ಕೆ ಹೋಗಿಬಿಡುತ್ತಿದ್ದಳು. ಭಂಡತನ ನೋಡು, ನಾಚಿಕೆಯೇ ಇಲ್ಲ, ಎಲ್ಲ ಕಣ್ಣಿನಲ್ಲೇ ಬರೆದಿದೆ ಎಂದು ಮನೆಯವರು ಮಾತಾಡಿಕೊಂಡರು. ಕತ್ತರಿ ಸಾಂತಿಯ ಹೊಲಿಗೆ ಡಬ್ಬಿಯಲ್ಲೇ ಸಿಕ್ಕಿದಾಗ, ಮತ್ತೆ ಯಾಕೆ ನಾನೇ ಅಂದೆ ಎಂದು ಸಾಂತಿ ಅವಳ ಭುಜ ಹಿಡಿದು ಅಲುಗಿಸಿದ್ದಳು. ಮಗಳು ಭುಜ ಬಿಡಿಸಿಕೊಂಡು ಆಟಕ್ಕೆ ಹೋದಳು. ಪ್ರಭಾಕರನ್ ಪೇಪರು ಓದುತ್ತಿದ್ದ.

ಶಾಲೆಯ ವರಾಂಡದಲ್ಲಿ ಫಿನಾಯಿಲು ವಾಸನೆ. ಹೆಡ್ ಮಿಸ್ಸಿನ ರೂಮಿನ ಹೊರಗಿನ ಬೆಂಚಿನಲ್ಲಿ ಇಲಕ್ಕಿಯಾ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಬಸ್ಸಿಗೆ ಕಾಯುವವರ ಹಾಗೆ. ಅತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಅವನಿಗನ್ನಿಸಿತು, ಹೆಡ್ ಮಿಸ್ಸಿಗೂ ಹಾಗೇ ಅನ್ನಿಸಿರಬೇಕು. ಅಂಗಳದಲ್ಲಿ ಆಯಾ ಒಬ್ಬಳು ಟ್ಯಾಂಕಿನ ನೀರನ್ನೆಲ್ಲ ಚರಂಡಿಗೆ ಬಿಡುತ್ತಾ ಯಾರನ್ನೋ ಬೈಯುತ್ತಿದ್ದಳು. ಅವನು ಮಗಳ ಪಕ್ಕ ಕೂತ.

‘ನೀನು ಹಾಕಿದ್ಯಾ?’

‘ಆಮಾಪ್ಪಾ.’

‘ಏನ್ ಹಾಕ್ದೆ?’

‘ಸಾಯದ ಪುಡಿ. ನಿನ್ನ ಬ್ಯಾಗಿಂದ ಎತ್ಕೊಂಡೆ.’

‘ಯಾಕೆ?’

‘ಸುಮ್ಮ.’

ಅವನ ಬ್ಯಾಗಿನಲ್ಲಿ ಪುಡಿ ಎಂದೂ ಇರುವುದಿಲ್ಲ. ಒಂದು ಚಿಟಿಕೆ ಹೊರಗೆ ಹೋದರೂ ಕೆಲಸ ಹೋಗುತ್ತದೆ. ಗೇಟಿನಲ್ಲಿ ಊಟದ ಡಬ್ಬಿಯನ್ನೂ ಬಿಚ್ಚಿ ನೋಡುತ್ತಾರೆ. ಕೈ ತೋರಿಸು ಅಂದ. ಅವಳು ಎರಡೂ ಕೈ ಚಾಚಿದಳು, ಅಂಗೈ ಮೇಲೆ ಮಾಡಿ, ಮತ್ತೆ ಮಗುಚಿ, ಕೇಳುವ ಮೊದಲೇ. ಶುಭ್ರವಾಗಿದ್ದವು. ಒಂದು ಉಗುರಿನಲ್ಲಿ ಬಾಲ್‌ಪೆನ್ನಿನ ನೀಲಿ, ಅಷ್ಟೆ. ಸಾಯದ ಪುಡಿ ಬೆವರಿದ ಕೈಗೆ ತಾಗಿದರೆ ಎರಡು ದಿನ ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ, ಇದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನ ಸ್ವಂತ ಬೆರಳುಗಳು ಇಪ್ಪತ್ತೆರಡು ವರ್ಷದಿಂದ ತಮ್ಮ ಬಣ್ಣದಲ್ಲಿಲ್ಲ. ಮಗಳು ಹಾಕಿಲ್ಲ. ಖಂಡಿತ ಹಾಕಿಲ್ಲ. ಅವನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಹಾಕಿದ್ದರೆ ಸುಲಭವಿತ್ತು. ಕೈಮುಗಿದು, ತಪ್ಪಾಯಿತು ಮೇಡಂ ಎಂದು ನಾಲ್ಕು ಸಲ ಹೇಳಿ, ಬಗ್ಗಿ ನಿಂತು ಬೈಸಿಕೊಂಡು ಹೋಗಬಹುದಿತ್ತು. ಈಗ ಬಾಯಿ ಬಿಡಬೇಕು.

ಹೆಡ್ ಮಿಸ್ ಗೋಕಿಲಾ ಅವನನ್ನು ಕೂರಲು ಹೇಳಲಿಲ್ಲ. ಮರೆತಿದ್ದರೇನೋ, ಎರಡು ಫೋನು ಒಂದರ ಮೇಲೊಂದು ಬರುತ್ತಿದ್ದವು, ಸಣ್ಣ ಮಕ್ಕಳ ತಾಯಿಯರಿಗೆ ಏನೂ ಆಗಿಲ್ಲಮ್ಮ, ಡಾಕ್ಟರು ನೋಡಿದ್ದಾರೆ ಎಂದು ಹೇಳಿ ಹೇಳಿ ಅವರ ಗಂಟಲು ಒಡೆದಿತ್ತು. ಅವರ ಮುಂದೆ ಟಿ.ಸಿ. ಫಾರ್ಮು, ಅದರ ಪಕ್ಕ ಇಲಕ್ಕಿಯಾಳ ಅಡ್ಮಿಷನ್ ಕಾಗದ. ಆ ಕಾಗದ ಅವನಿಗೆ ನೆನಪಿದೆ. ಗುರುತಿನ ಚಿಹ್ನೆ ಎಂದು ಕ್ಲರ್ಕು ಕೇಳಿದಾಗ ಎಲ್ಲ ಅಪ್ಪಂದಿರೂ ಮಚ್ಚೆ ಹೇಳುತ್ತಾರೆ, ಎಡಗೈಯಲ್ಲೊಂದು, ಕುತ್ತಿಗೆಯಲ್ಲೊಂದು. ಇವನು ಮಾತ್ರ ಜಾಣನ ಹಾಗೆ, ಕಣ್ಣು ಜೇನುಬಣ್ಣ, ಬರೆದುಕೊಳ್ಳಿ ಸಾರ್, ಇಂಥದ್ದು ನಿಮ್ಮ ಶಾಲೆಯಲ್ಲಿ ಇನ್ನೊಂದಿಲ್ಲ ಎಂದಿದ್ದ. ಕ್ಲರ್ಕು ನಕ್ಕು ಬರೆದುಕೊಂಡಿದ್ದ. ಈಗ ಹೆಡ್ ಮಿಸ್ ಅದನ್ನು ನೋಡಿಕೊಂಡು ಹೊಸ ಫಾರ್ಮಿಗೆ ಇಳಿಸುತ್ತಿದ್ದರು. ಗುರುತಿನ ಚಿಹ್ನೆಯ ಕೆಳಗೆ ಒಂದೆರಡು ಸಾಲು ಬಿಟ್ಟು ಗುಣ ನಡತೆಯ ಸಾಲು. ಅದು ಇನ್ನೂ ಖಾಲಿ ಇತ್ತು. ಆ ಸಾಲಿನಲ್ಲಿ ಒಂದು ಸಲ ಬರೆದದ್ದು ಮುಂದಿನ ಶಾಲೆಗೂ ಹೋಗುತ್ತದೆ, ಅದರ ಮುಂದಿನದಕ್ಕೂ.

‘ನಾನಾಗಿ ಹೇಳಿದ್ದಲ್ಲ ಸರ್,’ ಹೆಡ್ ಮಿಸ್ ತಮಿಳಿನಲ್ಲಿ ಹೇಳಿದರು, ‘ಕ್ಲಾಸಿನ ಮಕ್ಕಳೇ ಇವಳ ಹೆಸರು ಹೇಳಿದ್ದು. ಅಪ್ಪ ಸಾಯಪಟ್ಟರೆ, ಅದೂ ಅಲ್ಲದೆ… ಅವಳನ್ನು ಏನೇನೋ ಕರೀತಾರೆ ಮಕ್ಕಳು, ಬಿಡಿ. ನಾನು ಕರೆದು ಒಂದೇ ಸಲ ಕೇಳಿದೆ. ಆಮಾ ಮಿಸ್ ಅಂದಳು. ಅಷ್ಟು ತಣ್ಣಗೆ. ನನಗೆ ಮೈ ಜುಮ್ಮೆಂದಿತು.’

‘ನೀರು ಇಟ್ಟಿದ್ದೀರಾ ಮೇಡಂ?’ ಅಂದ ಪ್ರಭಾಕರನ್.

ಕಿಟಕಿಯಲ್ಲಿ ಬಾಟಲಿ ಇತ್ತು. ಬೆಳಗ್ಗೆ ಹಿಡಿದಿಟ್ಟದ್ದು, ಆಗ ನೇರಳೆ ಗುಲಾಬಿ ಇತ್ತು, ಆರೋಗ್ಯ ಇಲಾಖೆಯವರು ಬಂದರೆ ತೋರಿಸಬೇಕು ಅಂದರು. ಅವನು ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿದ. ಜೀವನದಲ್ಲಿ ಅವನಿಗೆ ಚೆನ್ನಾಗಿ ಗೊತ್ತಿರುವ ಒಂದೇ ಕೆಲಸ ಅದು, ಅದನ್ನು ಮಾಡುವಾಗ ಬೆನ್ನು ತಾನಾಗಿ ನೆಟ್ಟಗಾಯಿತು. ನೀರು ಈಗ ಗುಲಾಬಿಯಾಗಿರಲಿಲ್ಲ, ಚಹಾ ತೊಳೆದ ನೀರಿನಂತೆ ಕಂದು. ಬಾಟಲಿಯ ಒಳಮೈಗೆ ಕಂದು ಗೆರೆ ಹಿಡಿದಿತ್ತು. ಸಾಯ ಹೀಗೆ ತಿರುಗುವುದಿಲ್ಲ ಮೇಡಂ, ಕೆಂಪು ಹಾಕಿದರೆ ಸಾಯಂಕಾಲವೂ ಕೆಂಪೇ, ನಾಳೆಯೂ ಕೆಂಪೇ. ಇದು ಪರ್ಮಾಂಗನೇಟು. ಜೀನ್ಸು ತಿಳಿ ಮಾಡಲು ನಮ್ಮ ಕಡೆ ಹೊಡೆಯುತ್ತಾರೆ, ನಿಮ್ಮ ಸೈನ್ಸ್ ಲ್ಯಾಬಿನಲ್ಲೂ ಇರುತ್ತದೆ, ಕಪ್ಪಗೆ ಸಕ್ಕರೆ ಹರಳಿನ ಹಾಗೆ. ಮುಟ್ಟಿದವರ ಕೈ ಮೊದಲು ನೇರಳೆ, ಆಮೇಲೆ ಅಡಿಕೆ ಕರೆಯಂತೆ ಕಂದು. ನನ್ನ ಮಗಳ ಕೈ ನೋಡಿ. ಅವನ ಸ್ವರ ಏರಿತ್ತು. ಗೆದ್ದೆ ಅನ್ನಿಸಿತು. ಅಡಿಕೆ ಕರೆಯ ಕೈ ಯಾರದು ಎಂದು ಕ್ಲಾಸು ಕ್ಲಾಸಿಗೆ ಹೋಗಿ ತೋರಿಸಿಕೊಡಲೇ ಎನ್ನುವಷ್ಟು ಹುರುಪು ಬಂದು, ಮತ್ತೆ ಅಷ್ಟೇ ಬೇಗ ಇಳಿಯಿತು. ಇನ್ನೊಂದು ಮಗುವನ್ನು ಮಣೆಯ ಮೇಲೆ ಕೂರಿಸುವುದು ಅವನಿಗೆ ಬೇಕಿರಲಿಲ್ಲ.

ಹೆಡ್ ಮಿಸ್ ಬಾಟಲಿ ತೆಗೆದುಕೊಂಡು ನೋಡಿ ಮೇಜಿನ ಮೇಲಿಟ್ಟರು. ಲ್ಯಾಬಿನ ಕಪಾಟಿಗೆ ಬೀಗವಿಲ್ಲ ಎಂಬುದು ಅವರಿಗೆ ನೆನಪಾಗಿರಬೇಕು, ಕಣ್ಣಿನ ಕೆಳಗೆ ದಣಿವು ಇನ್ನಷ್ಟು ಇಳಿಯಿತು. ‘ನೀವು ಹೇಳೋದು ಸರಿ ಇರಬಹುದು ಸರ್. ಸಾಯ ಅಲ್ಲ ಅಂತಿಟ್ಕೊಳ್ಳೋಣ. ಆದರೆ ಮಾಡದೇ ಇದ್ದವಳು ಮಾಡಿದೆ ಅಂತ ಯಾಕೆ ಹೇಳ್ತಾಳೆ? ಯಾವ ಮಗುವಾದರೂ ಹೇಳುತ್ತಾ? ಇಪ್ಪತ್ತೊಂಬತ್ತು ವರ್ಷ ಮೇಷ್ಟ್ರು ಕೆಲಸ ಮಾಡಿದ್ದೀನಿ. ಮಾಡಿ ಇಲ್ಲ ಅನ್ನೋ ಮಕ್ಕಳನ್ನ ಸಾವಿರ ನೋಡಿದ್ದೀನಿ.’

ಬಾಟಲಿ ಅದಕ್ಕೆ ಉತ್ತರ ಹೇಳುವಂತಿರಲಿಲ್ಲ. ನಾಳೆ ಅಮ್ಮನಿಗೆ ಹೇಳಬೇಕಾಗುತ್ತದೆ, ಅಣ್ಣನಿಗೂ, ಇಂದುಜಾಳಿಗೆ ಹೇಗೂ ಗೊತ್ತಾಗುತ್ತದೆ, ಬೀದಿಗೆಲ್ಲ ಗೊತ್ತಾಗುತ್ತದೆ. ಬೇರೆಯವರ ಮುಂದೆ ಮನೆಯ ಮಾತು ಆಡಿದ ಎಂದು ಅಮ್ಮ ಊಟ ಬಿಟ್ಟು ಕೂರುತ್ತಾಳೆ. ಅವನು ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. ‘ನಾವು ಅಭ್ಯಾಸ ಮಾಡಿಸಿದ್ದೇವೆ ಮೇಡಂ,’ ಅಂದ. ಏನು ಎಂದು ಅವರು ಕೇಳಿದರು. ‘ಹಾಗೆ ಹೇಳೋದನ್ನ. ಮನೇಲಿ ಏನು ನಡೆದರೂ ಮೊದಲು ಅವಳನ್ನೇ ಕೇಳ್ತೀವಿ. ಅವಳ ಕಣ್ಣಿನ ಬಣ್ಣಕ್ಕೆ. ಹುಟ್ಟಿದಾಗಿನಿಂದ. ಹೌದು ಅನ್ನೋವರೆಗೂ ಕೇಳ್ತಾನೇ ಇರ್ತೀವಿ. ಒಂದ್ಸಲ ಇಲಿ ಕಡಿದಿದ್ದಕ್ಕೆ ಕೇಳಿದ್ವಿ. ಇಲಿ ಅಂತ ನನಗೆ ಗೊತ್ತಾಯ್ತು. ನಾನು ಹೇಳಲಿಲ್ಲ. ಗುಡಿಸಿ ಹಾಕ್ದೆ.’ ಆರು ವರ್ಷ ಹೊತ್ತದ್ದನ್ನು ಇಳಿಸಿದರೆ ಹಗುರಾಗುತ್ತದೆ ಎಂದುಕೊಂಡಿದ್ದ. ಹಗುರಾಗಲಿಲ್ಲ. ಹೇಳಿದ ಮೇಲೆ ಅದು ಎಷ್ಟು ಚಿಕ್ಕದು, ಎಷ್ಟು ಕೊಳಕು ಎಂದು ಮಾತ್ರ ಗೊತ್ತಾಯಿತು. ಅವರ ಮುಖದಲ್ಲಿ ಮರುಕವಿರಲಿಲ್ಲ, ಬೈಗುಳವೂ ಇರಲಿಲ್ಲ. ಅವರು ಪೆನ್ನಿಗೆ ಮುಚ್ಚಳ ಹಾಕಿ ಫಾರ್ಮಿನ ಪಕ್ಕಕ್ಕಿಟ್ಟರು.

‘ಕೂತ್ಕೊಳ್ಳಿ,’ ಅಂದರು. ಆಮೇಲೆ, ‘ಸರಿ. ಅವಳನ್ನೇ ಕರೀತೀನಿ. ಬೆಳಗ್ಗೆ ನಾನು ಕೇಳಿದೆ, ಈಗ ನೀವು ಕೇಳಿ. ಅವಳ ಬಾಯಿಂದ ಇಲ್ಲ ಅಂತ ಒಂದು ಮಾತು ಬರಲಿ, ಈ ಫಾರ್ಮು ಹರಿದುಹಾಕ್ತೀನಿ. ಅವಳೇ ಹೌದು ಅಂದರೆ ನಾನೇನು ಮಾಡಲಿ? ನಾಳೆ ಗೇಟಿನಲ್ಲಿ ನೂರು ಜನ ಅಪ್ಪ ಅಮ್ಮಂದಿರು ಇರ್ತಾರೆ, ಅವರಿಗೆ ಏನು ಹೇಳಲಿ?’

ಇಲಕ್ಕಿಯಾ ಒಳಗೆ ಬಂದು ಬಾಗಿಲಿನ ಹತ್ತಿರವೇ ನಿಂತಳು. ಕಿಟಕಿಯ ಬೆಳಕು ನೇರ ಮುಖದ ಮೇಲೆ. ಪ್ರಭಾಕರನ್ ಎದ್ದು ಅವಳ ಹತ್ತಿರ ಹೋದ. ಏನು ಕೇಳಬೇಕೆಂದು ಗೊತ್ತಿತ್ತು, ಹೇಗೆ ಕೇಳಬೇಕೆಂದು ಗೊತ್ತಿರಲಿಲ್ಲ. ಯಾವ ಸ್ವರದಲ್ಲಿ ಕೇಳಿದರೂ ಅದು ಮಣೆಯ ಮುಂದಿನ ಸ್ವರವೇ ಆಗುತ್ತದೆ. ಮನೆಯ ಕನ್ನಡದಲ್ಲೇ ಕೇಳಿದ. ‘ಇಲಕ್ಕಿಯಾ, ಬಯ ಬೇಡ ಕಣ್ಣು. ನೀರಿಗೆ ನೀನು ಏನಾದ್ರೂ ಹಾಕಿದ್ಯಾ?’

ಅವಳು ಅವನ ಮುಖ ನೋಡಿದಳು. ಹೆಡ್ ಮಿಸ್ಸಿನ ಮುಖ ನೋಡಿದಳು. ಮೇಜಿನ ಮೇಲಿನ ಬಾಟಲಿ, ಫಾರ್ಮು, ಪೆನ್ನು. ಅಂಗಡಿಯಲ್ಲಿ ಇದು ಬೇಕಾ ಅದು ಬೇಕಾ ಎಂದಾಗ ಲೆಕ್ಕಹಾಕುವವರಂತೆ ಲೆಕ್ಕಹಾಕಿ, ತುಂಬಾ ಮೆಲ್ಲಗೆ, ಅವನಿಗೆ ಮಾತ್ರ ಕೇಳುವ ಹಾಗೆ ಅಂದಳು, ‘ಏನ್ ಹೇಳ್ಲಿ ಅಪ್ಪಾ? ನೀನೇ ಹೇಳು. ಏನ್ ಹೇಳಿದ್ರೆ ಸೀಕ್ರಂ ಮುಗೀತದೆ?’

‘ಏನಂತಾಳೆ?’ ಅಂದರು ಹೆಡ್ ಮಿಸ್. ಅವರಿಗೆ ಕನ್ನಡ ಬರುವುದಿಲ್ಲ.

ಇಲ್ಲ ಅಂತಾಳೆ ಮೇಡಂ ಎಂದುಬಿಟ್ಟರೆ ಸಾಕು. ಎರಡೇ ಮಾತು. ಅದು ನಿಜ ಕೂಡ. ಫಾರ್ಮು ಹರಿಯುತ್ತಾರೆ, ಬಸ್ಸು ಹಿಡಿದು ಮಧ್ಯಾಹ್ನದ ಊಟದೊಳಗೆ ಲ್ಯಾಬಿಗೆ ಹೋಗಬಹುದು, ಮಣ್ಣುಬಣ್ಣಕ್ಕೆ ಇನ್ನೊಂದು ಸಲ ನೋಡಬಹುದು. ಮಗಳು ಕಾಯುತ್ತಿದ್ದಳು. ಅವಳಿಗೆ ಅವನು ಯಾವುದನ್ನು ಹೇಳಿದರೂ ಆಗುತ್ತಿತ್ತು. ಅವಳ ಬಾಯಿಗೆ ಹೌದನ್ನು ಇಟ್ಟವನು ಈಗ ಇಲ್ಲವನ್ನೂ ತಾನೇ ಇಡಬೇಕೇ? ‘ಏನು ಹೇಳಬೇಕು ಅಂತ ನನ್ನನ್ನು ಕೇಳ್ತಿದ್ದಾಳೆ ಮೇಡಂ,’ ಎಂದು ತಮಿಳಿನಲ್ಲಿ ಹೇಳಿದ. ‘ಏನು ಹೇಳಿದರೆ ಬೇಗ ಮುಗಿಯುತ್ತೆ ಅಂತ.’

ಇಲಕ್ಕಿಯಾಳ ಮುಖಕ್ಕೆ ರಕ್ತ ನುಗ್ಗಿತು. ಕಿವಿಯವರೆಗೂ ಕೆಂಪಾದಳು. ಮನೆಯೊಳಗಿನ ಮಾತು, ಅಪ್ಪನ ಕಿವಿಗೆಂದು ಆಡಿದ್ದು, ಅದನ್ನು ಹಾಗೇ ಎತ್ತಿ ಮಿಸ್ಸಿನ ಮೇಜಿನ ಮೇಲೆ ಹಾಕಿಬಿಟ್ಟಿದ್ದ. ‘ಯಾಕಪ್ಪಾ ಅದ್ನ ಹೇಳ್ದೆ?’ ಅಂದಳು. ‘ಯಾಕೆ ಹೇಳ್ದೆ ನೀನು?’ ಹದಿಮೂರು ವರ್ಷದಲ್ಲಿ ಅವಳು ಅವನ ಮೇಲೆ ಸ್ವರವೆತ್ತಿದ್ದು ಅದೇ ಮೊದಲು. ಚೀಲವನ್ನು ನೆಲಕ್ಕೆ ಬಿಟ್ಟು, ಹೆಡ್ ಮಿಸ್ಸಿನ ಕಡೆ ತಿರುಗಿ, ತಮಿಳಿನಲ್ಲಿ, ವರಾಂಡಕ್ಕೆಲ್ಲ ಕೇಳುವಂತೆ ಕೂಗಿದಳು. ‘ನಾನು ಹಾಕಿಲ್ಲ ಮಿಸ್! ಟ್ಯಾಂಕಿನ ಹತ್ತಿರ ನಾನು ಹೋಗೇ ಇಲ್ಲ. ಯಾರು ಹಾಕಿದ್ದು ಅಂತ ನನಗೆ ಗೊತ್ತಿಲ್ಲ. ನಾನು ಏನೂ ಮಾಡಿಲ್ಲ, ಏನೂ ಮಾಡಿಲ್ಲ!’

ಕೂಗುತ್ತಾ ಅವಳು ಅಪ್ಪನ ಕಡೆ ತಿರುಗಿದಳು. ಕಣ್ಣು ಅರಳಿ, ಬಿಸಿಲು ತಾಗಿ, ಉರಿಯುತ್ತಿದ್ದವು. ಆ ಕಣ್ಣುಗಳನ್ನು ನೋಡುತ್ತಾ ನಿಂತ ಪ್ರಭಾಕರನ್‌ನ ಒಳಗೆ, ಬಾಟಲಿಯ ಕಂದು ಗೆರೆಯನ್ನು ತಾನೇ ತೋರಿಸಿಕೊಟ್ಟಿದ್ದವನ ಒಳಗೆ, ಶುಭ್ರವಾದ ಎರಡು ಕೈಗಳನ್ನು ಮಗುಚಿ ನೋಡಿದ್ದವನ ಒಳಗೆ, ಒಂದು ಮಾತು ಎದ್ದಿತು: ಎಷ್ಟು ಚೆನ್ನಾಗಿ ನಟಿಸುತ್ತಾಳೆ. ಅದು ಅಮ್ಮನ ಸ್ವರವಾಗಿರಲಿಲ್ಲ. ಅವನದೇ ಸ್ವರ. ಅರೆಕ್ಷಣ ಕೂಡ ಇರಲಿಲ್ಲ. ಎದ್ದ ಕೂಡಲೇ ಅದನ್ನು ಅವನು ಒತ್ತಿ ಹಿಡಿದ, ಮುಖ ಸರಿಮಾಡಿಕೊಂಡ, ಮಗಳ ಕಡೆ ಕೈ ಚಾಚಿದ. ಆದರೆ ಆರು ವರ್ಷದಿಂದ ಅವನ ಮುಖವನ್ನು ಓದುತ್ತಾ ಬಂದವಳು ಅವಳು, ಯಾವ ಉತ್ತರ ಬೇಕೆಂದು ಅಲ್ಲೇ ಹುಡುಕುತ್ತಾ ಬಂದವಳು. ಅವಳು ಕೂಗುವುದನ್ನು ನಿಲ್ಲಿಸಿದಳು.

‘ನಂಬಿದೆ ಕಣಮ್ಮ, ನಾನು ನಂಬಿದೆ,’ ಎನ್ನುತ್ತಾ ಹೆಡ್ ಮಿಸ್ ಫಾರ್ಮನ್ನು ಉದ್ದಕ್ಕೆ ಹರಿದು, ಅಡ್ಡಕ್ಕೆ ಹರಿದರು. ಇಲಕ್ಕಿಯಾ ಬಗ್ಗಿ ಚೀಲ ಎತ್ತಿಕೊಂಡಳು. ಅಪ್ಪನ ಚಾಚಿದ ಕೈಯನ್ನು ಸುತ್ತಿ ಬಂದು ಮೇಜಿನ ಮುಂದೆ ನಿಂತು, ‘ಕ್ಲಾಸಿಗೆ ಹೋಗ್ಲಾ ಮಿಸ್?’ ಎಂದು ತಮಿಳಿನಲ್ಲಿ ಕೇಳಿದಳು. ಹೋಗು ಅಂದರು. ಅವಳು ಅವನ ಪಕ್ಕದಲ್ಲೇ ಹಾದು, ಮುಖ ನೋಡದೆ ಹೊರಟುಹೋದಳು.